ಶಂಕ್ರಪ್ಪನಿಗೆ ಉಪಚಾರ

ನಮ್ಮ ಮನೆಯಲ್ಲಿ "ಸಾಕು" ಎಂಬ ಮಾತಿಗೆ ಬೆಲೆಯಿಲ್ಲ. ಉಣ್ಣುವವರು ಎಲೆಯ ಮೇಲೆ ಅಡ್ಡ ಕೈ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಬಿಡುವವಳು ನಾನು. ನಾನೇ ಹೇಳಿಕೊಂಡರೆ ಜಂಬ ಅನ್ನಿಸಬಹುದು. ಅನ್ನಿಸಲಿ, ನನಗೇನಂತೆ! ಶಿರಸಿಯ ಯಲ್ಲಾಪುರ ರಸ್ತೆಯಲ್ಲಿ ನಿಂತು ಪರಿಮಳಕ್ಕನ ಖಾನಾವಳಿ ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಿ. ದಾರಿ ತೋರಿಸುವವರು ಜೊತೆಗೆ, "ಬೆಳಿಗ್ಗೆ ತಿಂಡಿ ಬಿಟ್ಟು ಹೋಗಿ, ಇಲ್ಲದಿದ್ದರೆ ಕಷ್ಟ" ಎಂದೂ ಹೇಳಿ ಕಳಿಸುತ್ತಾರೆ.

ಅಂಥ ನನ್ನ ಮನೆಯಲ್ಲಿ ಒಂದು ಜೀವ ಬಂದು, ನಾನು ಕೊಟ್ಟದ್ದನ್ನು ಮೂಸಿಯೂ ನೋಡದೆ, ಮಂಚದ ಕೆಳಗೆ ಕೂತುಬಿಟ್ಟಿತು. ನನ್ನ ಹೊಟ್ಟೆ ಎಷ್ಟು ಉರಿದಿರಬೇಕು ನೀವೇ ಯೋಚಿಸಿ.

ಆಗಿದ್ದು ಹೀಗೆ. ಅಡಿಗೆಮನೆಗೆ ತಾಗಿದ ಹಿಂದಿನ ಕೋಣೆ ನಮ್ಮ ಮಗಳು ದಿವ್ಯಾಳದ್ದು. ಅವಳು ಮದುವೆಯಾಗಿ ಸಿದ್ದಾಪುರಕ್ಕೆ ಹೋದ ಮೇಲೆ ಖಾಲಿ ಬಿದ್ದಿತ್ತು. ಯಾರಾದರೂ ಹೆಣ್ಣುಮಗಳು ಬಾಡಿಗೆಗೆ ಬಂದರೆ ಕೊಡೋಣ ಎಂದು ಊಟಕ್ಕೆ ಬರುವವರ ಕಿವಿಗೆ ಹಾಕಿದ್ದೆ. ಒಂದು ದಿನ ಹಾವೇರಿ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಹೆಸರು ನೀಲಾ. ಭೈರುಂಬೆಯ ಹತ್ತಿರದ ಒಂದು ಹಳ್ಳಿಗೆ ಅಂಚೆ ಕೆಲಸದ ಮೇಲೆ ಬಂದಿದ್ದಳಂತೆ. ಮಾತು ನಯವಾಗಿತ್ತು. ನಾನು ಹ್ಞೂಂ ಅನ್ನುವುದರಲ್ಲಿದ್ದೆ.

"ಅಕ್ಕಾರ, ಒಂದ್ ಮಾತು ಮೊದ್ಲ ಹೇಳಿಬಿಡ್ತೀನ್ರಿ. ನನ್ನ ಜೊತಿ ಶಂಕ್ರಪ್ಪನೂ ಇರ್ತಾನ್ರಿ. ಭಾಳ ಅಂಜುಬುರುಕ ಅದಾನ. ಒಂದ್ ಮೂಲ್ಯಾಗ ತಣ್ಣಗ ಕುಂತಿರ್ತಾನ" ಎಂದಳು.

"ನಿಂಗೆ ಮದುವೆ ಆಗಿದೆಯನೇ?" ಎಂದೆ.

"ಇಲ್ರಿ."

"ಹಂಗಾದ್ರೆ ಶಂಕ್ರಪ್ಪನೂ ಇಲ್ಲ, ಗಿಂಕ್ರಪ್ಪನೂ ಇಲ್ಲ. ನಮ್ಮನೇಲಿ ಅದೆಲ್ಲ ನಡೆಯೂದಿಲ್ಲ ಮಾರಾಯ್ತಿ!"

ಆ ಕಡೆಯಿಂದ ಬಿದ್ದು ಬಿದ್ದು ನಗುವ ಸದ್ದು ಕೇಳಿತು. ಆಮೇಲೆ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಬೂದು ಬಣ್ಣದ ಮೊಲ. ಎದೆಯ ಮೇಲೆ ಬಿಳಿ ಮಚ್ಚೆ. ಮುಖವನ್ನು ಗಂಭೀರವಾಗಿ ಮುಂದೆ ಚಾಚಿಕೊಂಡು, ಪಂಚಾಯ್ತಿಗೆ ಕೂತ ಹಿರಿಯರ ಹಾಗೆ ಕೂತಿತ್ತು. ಅವರ ಊರಿನ ಶಂಕ್ರಪ್ಪ ಎಂಬ ಗೌಡರೊಬ್ಬರು ಥೇಟ್ ಹೀಗೇ ಕೂರುತ್ತಿದ್ದರಂತೆ, ಅದಕ್ಕೇ ಆ ಹೆಸರು. ಪಕ್ಕದಲ್ಲಿದ್ದ ನಮ್ಮವರಿಗೆ ತೋರಿಸಿದೆ. ನಮ್ಮವರು ಎಂದರೆ ವಿಶ್ವೇಶ್ವರ, ನನ್ನ ಗಂಡ. ಪೇಟೆಯಿಂದ ಸಾಮಾನು ತರುವುದು, ಗಲ್ಲಾ ಪೆಟ್ಟಿಗೆಯ ಹತ್ತಿರ ಕೂರುವುದು, ಮಾತಾಡದೇ ಇರುವುದು, ಇವು ಮೂರು ಅವರ ಕೆಲಸ. ಫೋಟೋ ನೋಡಿ, "ರಾಶಿ ಚೊಲೊ ಇದ್ದು" ಎಂದರು. ಅವರ ಬಾಯಿಂದ ಅಷ್ಟು ಹೊಗಳಿಕೆ ಬಂತೆಂದರೆ ಒಪ್ಪಿಗೆ ಎಂದೇ ಅರ್ಥ.

ನೀಲಾ ಬಸ್ಸಿಳಿದು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮುಚ್ಚಳದ ಬುಟ್ಟಿ ಹಿಡಿದು ಬಂದಳು. ಸಣ್ಣಗೆ, ಉದ್ದ ಜಡೆಯ ಹುಡುಗಿ. ಮನೆಗೆ ಬಂದವರಿಗೆ ಮೊದಲು ಆಸ್ರಿಗೆ, ಅಂದರೆ ಕುಡಿಯಲು ಏನಾದರೂ, ಕೊಡಬೇಕು, ಮಾತು ಆಮೇಲೆ. ಅವಳಿಗೆ ಬೆಲ್ಲ, ನೀರು ಕೊಟ್ಟೆ, ಮೇಲೊಂದು ಲೋಟ ಮಜ್ಜಿಗೆಯನ್ನೂ ಕೊಟ್ಟೆ. ಅವಳಿಗೆ ಕೊಟ್ಟು ಬುಟ್ಟಿಯಲ್ಲಿದ್ದವನಿಗೆ ಕೊಡದಿದ್ದರೆ ಆಗುತ್ತದೆಯೇ? ಒಂದು ಬಟ್ಟಲಲ್ಲಿ ನೀರು ತುಂಬಿ ಬುಟ್ಟಿಯ ಮುಚ್ಚಳ ತೆಗೆದೆ. ಶಂಕ್ರಪ್ಪ ನನ್ನ ಮುಖ ನೋಡಿದ. ಒಂದೇ ನೆಗೆತಕ್ಕೆ ಹೊರಗೆ ಬಿದ್ದು, ಕೋಣೆಗೆ ನುಗ್ಗಿ, ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡ. ನೀರು ನನ್ನ ಸೀರೆಯ ಮೇಲಾಯಿತು.

"ಹೊಸ ಮನಿ ಅಲ್ರಿ ಅಕ್ಕಾರ, ಅದಕ್ಕ ಅಂಜ್ಯಾನ" ಎಂದಳು ನೀಲಾ.

"ಅಂಜೂದೆಂತಕ್ಕೆ? ನಾನಿಲ್ವಾ! ನೋಡ್ತಾ ಇರು, ಇವತ್ತು ಸಂಜೆಯೊಳಗೆ ನನ್ನ ಕೈಯಿಂದಲೇ ತಿಂತಾನೆ" ಎಂದುಬಿಟ್ಟೆ. ಈ ಬಾಯಿ ಇದೆಯಲ್ಲ, ಅದಕ್ಕೆ ಯಾವತ್ತೂ ಬೀಗ ಇಲ್ಲ.

ನೀಲಾ ಬೆಳಿಗ್ಗೆ ಬಸ್ಸು ಹತ್ತಿ ಕೆಲಸಕ್ಕೆ ಹೋದರೆ ಬರುವುದು ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತು ಶಂಕ್ರಪ್ಪನ ಜವಾಬ್ದಾರಿ ನನ್ನದು ಎಂದು ನಾನೇ ಮೇಲೆ ಬಿದ್ದು ಹೊತ್ತುಕೊಂಡೆ. ಒಲೆಯ ಮೇಲೆ ಒಗ್ಗರಣೆ ಚಟಪಟ ಅನ್ನುವಷ್ಟರಲ್ಲಿ ಒಮ್ಮೆ, ಅನ್ನ ಬಸಿದು ಒಮ್ಮೆ, ಮೊದಲ ಪಂಕ್ತಿ ಎದ್ದ ಮೇಲೆ ಒಮ್ಮೆ ಓಡಿಹೋಗಿ ಮಂಚದ ಕೆಳಗೆ ಬಗ್ಗುತ್ತಿದ್ದೆ. ಕೊತ್ತಂಬರಿ ಚಾಚಿದೆ. ಒಲ್ಲೆ. ಎಳೇ ಹರಿವೆ ಸೊಪ್ಪು? ಅದೂ ಒಲ್ಲೆ. ಕ್ಯಾರೆಟ್ಟನ್ನು ದಿವ್ಯಾ ಸಣ್ಣವಳಿದ್ದಾಗ ಹೆಚ್ಚಿಕೊಡುತ್ತಿದ್ದಂತೆ ಸಪೂರ ಹೆಚ್ಚಿ, ಬಾಳೆಲೆಯ ತುಂಡಿನ ಮೇಲೆ ಬಡಿಸಿ, ಮೂಗಿನ ಹತ್ತಿರವೇ ತಳ್ಳಿದೆ. ಮಂಗಳವಾರ ನಮ್ಮಲ್ಲಿ ಪಾಯಸ. ಒಂದು ಚಮಚ ಒಯ್ಯೋಣ ಎಂದುಕೊಂಡಿದ್ದೆ, ನೀಲಾ ಕೈ ಮುಗಿದು ತಡೆದಳು.

"ತಿನ್ನಾ ತಮಾ, ಒಂದೇ ಒಂದು ಎಲೆ. ಸಂಕೋಚ ಮಾಡ್ಕ್ಯಳಡ. ನಿನ್ ಮನೆ ಹೇಳೇ ತಿಳ್ಕ" ಎಂದು ಮಂಚದ ಕೆಳಗೆ ತಲೆ ತೂರಿಸಿ ಅಂಗಲಾಚುತ್ತಿದ್ದೆ.

"ಅವಾ ಹಾವೇರಿಯಂವ್ರಿ ಅಕ್ಕಾರ, ನಿಮ್ಮ ಹವ್ಯಕರ ಭಾಷಾ ಎಲ್ಲಿ ತಿಳಿತೈತಿ ಅವಂಗ" ಎಂದು ನೀಲಾ ನಗುತ್ತಿದ್ದಳು. ಮರುದಿನದಿಂದ ನಾನು ಅವಳ ಭಾಷೆಯಲ್ಲೂ ಕರೆದು ನೋಡಿದೆ. "ಉಣ್ರಿ ಶಂಕ್ರಪ್ನೋರ" ಎಂದರೂ ಕಿವಿ ಅಲುಗಲಿಲ್ಲ.

ಒಂದು ಸಲ ಮಾತ್ರ ಅವನು ಉತ್ತರ ಕೊಟ್ಟ. ನಾನು ಬಾಗಿಲು ತೆಗೆದು ಒಳಗೆ ಕಾಲಿಟ್ಟ ಕೂಡಲೇ ಹಿಂಗಾಲಿನಿಂದ ನೆಲಕ್ಕೆ ಧಬ್ ಎಂದು ಬಡಿದ. ಇನ್ನೊಮ್ಮೆ ಧಬ್. ನನಗೆ ಖುಷಿಯೋ ಖುಷಿ! ಖಾನಾವಳಿಯಲ್ಲಿ ಸಾರು ಬರುವುದು ತಡವಾದರೆ ಮೇಜು ಕುಟ್ಟುವವರಿಲ್ಲವೇ, ಹಾಗೆ ಇವನೂ ಬಡಿಸು ಎಂದು ಕುಟ್ಟುತ್ತಿದ್ದಾನೆ ಎಂದುಕೊಂಡೆ. ಅವನು ಕುಟ್ಟಿದಷ್ಟೂ ಸಲ ಓಡಿಹೋಗಿ ಇನ್ನಷ್ಟು ಸೊಪ್ಪು ತಂದು ಸುರಿದೆ. ಅವನು ಇನ್ನೂ ಜೋರಾಗಿ ಕುಟ್ಟಿದ, ನಾನು ಇನ್ನೂ ಜೋರಾಗಿ ಓಡಿದೆ. ಸೊಪ್ಪಿನ ರಾಶಿಯ ಹಿಂದೆ ಶಂಕ್ರಪ್ಪನೇ ಕಾಣದಂತಾದ.

ಸಾಲದ್ದಕ್ಕೆ ಊಟಕ್ಕೆ ಬಂದವರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದೆ. ಒಬ್ಬನೇ ಕೂತರೆ ಬೇಜಾರು ಬರುತ್ತದಲ್ಲ, ನಾಲ್ಕು ಜನ ಮಾತಾಡಿಸಿದರೆ ಹೆದರಿಕೆ ಬಿಡುತ್ತದೆ ಎಂಬುದು ನನ್ನ ಲೆಕ್ಕ. ಅಡಿಕೆ ವ್ಯಾಪಾರದ ಅಂಗಡಿಯಲ್ಲಿ ತೂಕಕ್ಕೆ ನಿಲ್ಲುವ ಸತೀಶ ನಾಯ್ಕ ದಿನಾ ನಮ್ಮಲ್ಲೇ ಉಣ್ಣುವವನು. ಅವನು ನೆಲದ ಮೇಲೆ ಬೋರಲು ಮಲಗಿ ಸಿಳ್ಳೆ ಹಾಕಿದ, ಚಿಟಿಕೆ ಹೊಡೆದ, ಮೊಬೈಲಿನ ಬೆಳಕು ಬಿಟ್ಟ. "ಇವ ಎಂತ ಪರಿಮಳಕ್ಕ, ನನ್ನ ಕಂಡ್ರೆ ಸಾಲಗಾರನ್ನ ಕಂಡಂಗೆ ಮಾಡ್ತಾ!" ಎಂದ.

"ಅದ್ನ ಅದರ ಪಾಡಿಗೆ ಬಿಡೇ. ಎಷ್ಟು ಹೇಳಿ ಕಾಡದು?" ಎಂದರು ನಮ್ಮವರು, ಗಲ್ಲಾದ ಕಡೆಯಿಂದ.

"ನಿಂಗಕ್ಕೆ ಎಂತ ಗೊತ್ತಿದ್ದು? ಬಂದವ್ರನ್ನ ಮಾತಾಡ್ಸದೇ ಕೂಡಿಸದು ನಿಂಗಳ ಪದ್ಧತಿ. ಸುಮ್ನಿರಿ!" ಎಂದೆ. ಅವರು ಸುಮ್ಮನಾದರು, ಅದು ಅವರಿಗೆ ಸುಲಭ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಶಂಕ್ರಪ್ಪ ಒಂದಿಷ್ಟು ಒಣಹುಲ್ಲು ಕಡಿಯುತ್ತಿದ್ದನಂತೆ. ಅದರಿಂದ ಜೀವ ಹಿಡಿದಿದ್ದ, ಅಷ್ಟೇ. ನೀಲಾ ಎತ್ತಿಕೊಂಡರೆ ಬೆನ್ನೆಲುಬು ಕೈಗೆ ತಾಗುತ್ತಿತ್ತಂತೆ. ನೀಲಾ ಪಶು ಡಾಕ್ಟರಿಗೆ ತೋರಿಸಿಕೊಂಡು ಬಂದಳು. ರೋಗ ಏನೂ ಇಲ್ಲವಂತೆ, ಬರೀ ಹೆದರಿಕೆಯಂತೆ. ಆದರೆ ಮೊಲ ಸರಿಯಾಗಿ ತಿನ್ನದಿದ್ದರೆ ಬಹಳ ಕಾಲ ತಡೆಯುವುದಿಲ್ಲ, ಈ ಮನೆ ಒಗ್ಗದಿದ್ದರೆ ಹಳೆಯ ಜಾಗಕ್ಕೇ ಕಳಿಸುವುದು ವಾಸಿ ಎಂದು ಹೇಳಿದರಂತೆ.

ಅವತ್ತು ಸಂಜೆ ನೀಲಾ ಊಟದ ಮೇಜಿನಲ್ಲಿ ಅನ್ನವನ್ನು ಬೆರಳಿನಿಂದ ಆಚೆಗೊಮ್ಮೆ ಈಚೆಗೊಮ್ಮೆ ದೂಡುತ್ತಾ ಕೂತಿದ್ದಳು. ನಾನು ತಂಬುಳಿಯ ಸೌಟು ಹಿಡಿದು ನಿಂತಿದ್ದೆ.

"ಅಕ್ಕಾರ, ಅಣ್ಣಗ ಫೋನ್ ಮಾಡೀನ್ರಿ. ಐತಾರ ಗಾಡಿ ತಗೊಂಡು ಬರ್ತಾನ. ಶಂಕ್ರಪ್ಪನ್ನ ಊರಿಗೆ ಒಯ್ತಾನ" ಎಂದಳು.

"ಅಯ್ಯೋ, ಯಾಕೆ? ಇನ್ನೊಂದು ನಾಲ್ಕು ದಿನ ನೋಡುವ..."

"ಇಲ್ಲೇ ಇದ್ರ ಸಾಯ್ತಾನ್ರಿ ಅಂವಾ." ಅವಳು ತಟ್ಟೆಯಿಂದ ಕೈ ತೆಗೆದಳು. "ಹಾವೇರ್ಯಾಗ ಒಂದ್ ರೂಮ್ ಮಾಡ್ಕೊಂಡು ಪರೀಕ್ಷಾಕ್ಕ ಓದ್ತಿದ್ನಿರಿ. ಒಂದ್ ಸಲ ಫೇಲ್, ಎರಡ್ ಸಲ ಫೇಲ್. ಮನ್ಯಾಗ ಬೈತಿದ್ರು. ಆವಾಗ ನನ್ನ ಜೊತಿ ಇದ್ದಾವಾ ಇವಾ ಒಬ್ನ. ಇವ್ನ ಕಳಿಸಿ ನಾ ಇಲ್ಲೆ ಒಬ್ಬಾಕಿ ಏನ್ ಮಾಡ್ಲಿ ಹೇಳ್ರಿ. ಆದ್ರ ನನ್ನ ಸಲುವಾಗಿ ಅವ್ನ ಜೀವ ಹೋಗಬಾರದಲ್ರಿ."

ಅನ್ನದ ತಟ್ಟೆಯ ಮುಂದೆಯೇ ಅತ್ತುಬಿಟ್ಟಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ತಂಬುಳಿ ಹಾಕಿದೆ. ನನಗೆ ಗೊತ್ತಿದ್ದದ್ದು ಅದೊಂದೇ.

ಮರುದಿನವೆಲ್ಲ ನನ್ನ ತಲೆ ಕೆಟ್ಟುಹೋಗಿತ್ತು. ಸಾರಿಗೆ ಉಪ್ಪು ಎರಡು ಸಲ ಬಿತ್ತು. ನಾನು ಎಷ್ಟು ಜನರನ್ನು ಉಣ್ಣಿಸಿಲ್ಲ! ಜ್ವರ ಬಂದವರನ್ನು, ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಬಂದವರನ್ನು, ಚಂದಗುಳಿಯ ದೇವರಿಗೆ ಹರಕೆ ಕಟ್ಟಿ ಉಪವಾಸ ಇದ್ದವರನ್ನೂ ಉಪವಾಸ ಮುಗಿದ ಗಳಿಗೆಯಲ್ಲೇ ಹಿಡಿದು ಕೂರಿಸಿದ್ದೇನೆ. ಈಗ ಮುಷ್ಟಿಯಷ್ಟು ಒಂದು ಪ್ರಾಣಿ, ಪರಿಮಳಕ್ಕನ ಮನೆಯಲ್ಲಿ ಉಣ್ಣಲಾರದೆ ಸೊರಗಿ ವಾಪಸ್ ಹೋಗುವುದೆಂದರೆ! ಆ ಹುಡುಗಿಯ ಕಣ್ಣೀರು ನೆನೆದರೆ ದುಃಖ, ಆ ಶಂಕ್ರಪ್ಪನನ್ನು ನೆನೆದರೆ ಕೋಪ.

ಊಟದವರೆಲ್ಲ ಹೋದ ಮೇಲೆ ನನ್ನ ಊಟ. ಅದೊಂದು ಊಟವೆಂದು ನಾನು ಯಾವತ್ತೂ ಲೆಕ್ಕಕ್ಕೆ ಇಟ್ಟವಳಲ್ಲ. ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ತಟ್ಟೆಗೆ ಕೆರೆದುಕೊಂಡು, ಅಡಿಗೆ ಕಟ್ಟೆಗೆ ಒರಗಿ ನಿಂತು, ಒಂದು ಕಣ್ಣು ಒಲೆಯ ಹಾಲಿನ ಮೇಲೆ ಇಟ್ಟು ನುಂಗುವುದು. ಅಂದು ಮಂಡಿ ಬೇರೆ ಎಳೆಯುತ್ತಿತ್ತು. ತಟ್ಟೆ ಹಿಡಿದವಳಿಗೆ ಎಲ್ಲಿಂದ ಸಿಟ್ಟು ಬಂತೋ, ಸೀದಾ ಹಿಂದಿನ ಕೋಣೆಗೆ ನಡೆದೆ.

"ಬ್ಯಾಡ್ದಾ? ಬ್ಯಾಡ್ದಿದ್ರೆ ಬಿಡು. ಯಾರಿಗೆ ಬೇಕಾಯ್ದು! ನೀ ತಿನ್ನದಿದ್ರೆ ಆನು ತಿಂತೆ, ನೋಡ್ತಾ ಇರು" ಎಂದು ಹಲ್ಲು ಕಚ್ಚಿ ಹೇಳಿ, ಮಂಚಕ್ಕೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂತೆ. ಅವನ ಮುಖವನ್ನೂ ನೋಡಬಾರದು ಎಂದು ಗೋಡೆ ನೋಡಿಕೊಂಡು ಅನ್ನ ಕಲಸಿದೆ. ತುತ್ತಿನ ಮೇಲೆ ತುತ್ತು ಇಳಿಸಿದೆ. ಹಲಸಿನ ಹಪ್ಪಳವನ್ನು ಬೇಕೆಂದೇ ಕಟಂ ಎಂದು ಕಡಿದೆ. ಹೊಟ್ಟೆ ಉರಿಸಲೆಂದು.

ಸುಮಾರು ಹೊತ್ತು ಕಳೆದಿರಬೇಕು. ಹಿಂದಿನಿಂದ ಏನೋ ಸಣ್ಣ ಸದ್ದು. ಪಕ್ಕದಲ್ಲಿ, ನನ್ನ ಸೆರಗಿನ ಹತ್ತಿರ ಬೆಳಿಗ್ಗೆ ಇಟ್ಟಿದ್ದ ಕೊತ್ತಂಬರಿಯ ಕಟ್ಟು ತಾನೇ ತಾನಾಗಿ ಸರಿದಂತಾಯಿತು. ಓರೆಗಣ್ಣಿನಲ್ಲಿ ನೋಡಿದರೆ ಶಂಕ್ರಪ್ಪ! ದಂಟಿನ ಒಂದು ತುದಿ ಅವನ ಬಾಯಲ್ಲಿ, ಇನ್ನೊಂದು ತುದಿ ಮೇಲೆ ಕೆಳಗೆ ಕುಣಿಯುತ್ತಿದೆ. ಕರುಂ ಕರುಂ ಕರುಂ.

"ತಿಂದ್ಯಾ ತಮಾ!" ಎಂದು ಕೂಗಿ, "ತಗ, ಇನ್ನೊಂದು ತಗ!" ಎಂದು ಇಡೀ ಕಟ್ಟನ್ನೇ ಅವನ ಮುಖಕ್ಕೆ ಹಿಡಿದೆ.

ಧಬ್! ಮಾಯ. ಮತ್ತೆ ಮಂಚದ ಕೆಳಗೆ, ಮತ್ತೆ ಗೋಡೆಗೆ. ಬಾಯಲ್ಲಿದ್ದ ದಂಟನ್ನೂ ಬಿಟ್ಟು ಓಡಿದ್ದ.

ನಾನು ಎಂಜಲು ಕೈಯಲ್ಲೇ ಹಣೆ ಚಚ್ಚಿಕೊಂಡೆ. ನನ್ನಂಥ ಪೆದ್ದಿ ಈ ಶಿರಸಿಯಲ್ಲಿ ಇನ್ನೊಬ್ಬಳಿಲ್ಲ. ಅವನು ಹಸಿವಿಲ್ಲದೆ ಕೂತವನಲ್ಲ. ನಾನು ಬೇಡವಾಗಿದ್ದೆ ಅವನಿಗೆ, ನನ್ನ ಉಪಚಾರ ಬೇಡವಾಗಿತ್ತು.

ನೀಲಾ ಬಂದ ಕೂಡಲೇ ಬಾಗಿಲಲ್ಲೇ ಹಿಡಿದು ನಡೆದದ್ದೆಲ್ಲ ಹೇಳಿದೆ. ಕಾಲು ಕುಟ್ಟುವ ಸಂಗತಿಯನ್ನೂ ಹೇಳಿದೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ ಅಕ್ಕಾರ, ಅಂಜಿದಾಗ ಹಂಗ ಒದಿತಾನ್ರಿ ಅಂವಾ! ಬರಬ್ಯಾಡ್ರಿ ಅಂತ ಹೇಳಾಕ!"

"ಅದನ್ನ ಮೊದ್ಲೇ ಹೇಳೂದಲ್ವನೇ! ನಾನು ಬಡ್ಸು ಅಂತಿದಾನೆ ಅಂತ ಓಡಿ ಓಡಿ ಸತ್ತೆ!"

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವಳು ಒಮ್ಮೆಲೇ ನಿಲ್ಲಿಸಿದಳು. "ಅಕ್ಕಾರ... ಹಾವೇರಿ ರೂಮಿನ್ಯಾಗ ಮೇಜು ಇರಲಿಲ್ರಿ. ನಾ ನೆಲದ ಮ್ಯಾಲ ಕುಂತು ಉಣ್ಣಾಕಿ. ಅಂವಾ ಬಾಜೂಕ ಕುಂತು ತನ್ನ ಸೊಪ್ಪು ತಿಂತಿದ್ದ. ನನಗ ಈಗ ಹೊಳಿತ ನೋಡ್ರಿ. ಇಲ್ಲಿಗೆ ಬಂದ ಮ್ಯಾಲ ನಾ ಅವ್ನ ಜೊತಿ ಒಂದ್ ಸಲನೂ ಉಂಡಿಲ್ಲ."

ಹೇಗೆ ಉಣ್ಣುತ್ತಾಳೆ? ನಾನು ಬಿಟ್ಟರಲ್ಲವೇ! ಬಂದ ದಿನ ಅವಳು ತಟ್ಟೆಯನ್ನು ಕೋಣೆಗೆ ಒಯ್ಯುತ್ತೇನೆ ಎಂದಿದ್ದಳು. "ಮನೆಗೆ ಬಂದವಳು ಮೂಲೇಲಿ ಕೂತು ಉಣ್ಣೂದು ಅಂದ್ರೆ ಎಂತದು? ಮೇಜಿಗೆ ಬಾ, ಬಿಸಿ ಬಿಸಿ ಬಡಿಸ್ತೆ" ಎಂದು ಕೈ ಹಿಡಿದು ಎಳೆದು ತಂದವಳು ನಾನೇ.

ಅಂದಿನಿಂದ ಮನೆಯ ಕಾನೂನು ಬದಲಾಯಿತು. ಬೆಳಿಗ್ಗೆ, ರಾತ್ರಿ ನೀಲಾ ಕೋಣೆಯಲ್ಲಿ ನೆಲದ ಮೇಲೆ ಕೂತು ಉಣ್ಣುವುದು. ಮಧ್ಯಾಹ್ನ ಅವಳಿಲ್ಲದಾಗ ನಾನು. ಸೊಪ್ಪನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು, ಚಾಚುವುದಿಲ್ಲ. ಮುಖ ಗೋಡೆಯ ಕಡೆ. ಊಟಕ್ಕೆ ಬಂದವರು ಆ ಕಡೆ ಹಾಯಬಾರದು. ಸತೀಶ ನಾಯ್ಕನಿಗೆ ಸಿಳ್ಳೆ ಹಾಕಿದರೆ ಮಜ್ಜಿಗೆ ಇಲ್ಲ ಎಂದು ಹೇಳಿದೆ.

ಇದನ್ನೆಲ್ಲ ಹೇಳುವುದು ಸುಲಭ, ಮಾಡಿ ನೋಡಿ! ನನ್ನ ಪಕ್ಕದಲ್ಲಿ ಒಬ್ಬರು ಉಣ್ಣುತ್ತಿದ್ದಾರೆ, ಅವರ ಮುಂದಿನ ಸೊಪ್ಪು ಮುಗಿಯುತ್ತಾ ಬಂದಿದೆ, ನಾನು "ಇನ್ನೊಂದು ಹಾಕಲಾ" ಅನ್ನಬಾರದು. ನಾಲಿಗೆ ತುರಿಸುತ್ತಿತ್ತು. ಒಂದು ದಿನ ತಡೆಯಲಾರದೆ ಸೆರಗಿನ ತುದಿಯನ್ನೇ ಬಾಯಿಗೆ ತುರುಕಿಕೊಂಡು ಕೂತೆ. ಆದರೆ ಶಂಕ್ರಪ್ಪ ಬಂದ. ಮೊದಲು ಮಂಚದ ಕಾಲಿನ ತನಕ, ಆಮೇಲೆ ನನ್ನ ಬೆನ್ನಿನ ತನಕ. ಶನಿವಾರ ನನ್ನ ಮಂಡಿಗೆ ಒರಗಿಯೇ ಕೂತು ಹರಿವೆ ಸೊಪ್ಪು ತಿಂದ. ಆ ಬೆಚ್ಚಗಿನ ಮೈ ತಾಗಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಮಜ್ಜಿಗೆಗೂ ಏಳದೆ ಒಣ ಅನ್ನವನ್ನೇ ಉಂಡು ಮುಗಿಸಿದೆ.

"ಅಣ್ಣಗ ಬರಬ್ಯಾಡ ಅನ್ನು" ಎಂದೆ ನೀಲಾಳಿಗೆ, ಅವಳದೇ ಮಾತಿನಲ್ಲಿ.

"ಹೇಳಿದ್ನಿರಿ. ಅಂವಾ ಕೇಳವಲ್ಲ. ಕಣ್ಣಾರೆ ನೋಡಿದ್ರನ ನಂಬ್ತೀನಿ, ನನ್ನ ಮುಂದ ತಿಂದ್ರ ಬಿಟ್ಟು ಬರ್ತೀನಿ, ಇಲ್ಲಾಂದ್ರ ಬುಟ್ಟ್ಯಾಗ ಹಾಕ್ಕೊಂಡು ಬರಾವನ ಅಂದಾನ. ಅಂಜುಬುರುಕನ್ನ ಹಟಕ್ಕ ಇಟ್ಕೊಂಡು ಕೊಲ್ಲಬ್ಯಾಡ ಅಂತ ಅವ್ವನೂ ಬೈದ್ಲು."

ಭಾನುವಾರ ಮಧ್ಯಾಹ್ನ ಖಾನಾವಳಿಗೆ ರಜೆ. ಬಾಗಿಲ ಮುಂದೆ ಸಾಮಾನಿನ ಗಾಡಿ ಬಂದು ನಿಂತಿತು. ಇಳಿದ ಆಳು ನಮ್ಮ ಬಾಗಿಲಿನಷ್ಟೇ ಎತ್ತರ, ದಪ್ಪ ಮೀಸೆ. ನೀಲಾಳ ಅಣ್ಣ ಮಡಿವಾಳಪ್ಪ. "ನಮಸ್ಕಾರ್ರೀ ಅಕ್ಕಾರ! ಎಲ್ಲಿ ಅದಾನ್ರಿ ನಮ್ಮ ಶಂಕ್ರಪ್ಪ?" ಎಂದ. ಅವನ ಧ್ವನಿಗೆ ಅಡಿಗೆಮನೆಯ ತಟ್ಟೆಗಳು ಕಣಕಣ ಎಂದವು. ಹಿಂದಿನ ಕೋಣೆಯಿಂದ ಉತ್ತರ ಬಂತು: ಧಬ್!

ನಮ್ಮವರನ್ನು ಅಡಿಗೆಮನೆಗೆ ಕರೆದು ಹೇಳಿದೆ. "ಇವತ್ತು ಬಡಿಸದು ನಿಂಗ."

"ಆನಾ?"

"ನಿಂಗಳೇ. ಆನು ಊಟಕ್ಕೆ ಕೂರ್ತೆ."

ಅವರು ನನ್ನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಮನೆಗೆ ನೆಂಟರು ಬಂದಿರುವಾಗ ಮನೆಯ ಹೆಂಗಸು ಮೊದಲ ಪಂಕ್ತಿಗೆ ಕೂರುವುದೆಂದರೆ! ನನ್ನ ಹೆತ್ತ ಆಯಿ ಬದುಕಿದ್ದರೆ ಸೌಟು ತೆಗೆದುಕೊಂಡೇ ಬರುತ್ತಿದ್ದಳು. ಆದರೆ ಬೇರೆ ದಾರಿಯೇ ಇರಲಿಲ್ಲ. ಮಧ್ಯಾಹ್ನ ನಾನು ನೆಲದ ಮೇಲೆ ಕೂತು ಉಣ್ಣುವುದು ಅವನಿಗೆ ರೂಢಿಯಾಗಿತ್ತು, ನಾನಿಲ್ಲದಿದ್ದರೆ ಅವನು ಬರುವುದಿಲ್ಲ.

ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಮೂರು ಎಲೆ ಹಾಕಿದೆವು. ನಾನು, ನೀಲಾ, ಮಡಿವಾಳಪ್ಪ. ಅವನಿಗೆ ಮೆಲ್ಲಗೆ ಮಾತಾಡಬೇಕು, ಮಂಚದ ಕಡೆ ನೋಡಬಾರದು ಎಂದು ನೀಲಾ ತಾಕೀತು ಮಾಡಿದ್ದಳು. ಆ ದೊಡ್ಡ ದೇಹ ತಲೆ ತಗ್ಗಿಸಿ, ಪಿಸುಗುಟ್ಟುತ್ತಾ, "ಅಕ್ಕಾರ, ನೀವು ಶುರು ಮಾಡ್ರಿ" ಎಂದಿತು. ನೆಂಟನಿಗಿಂತ ಮೊದಲು ನಾನು ತುತ್ತು ಎತ್ತಿದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ನಮ್ಮವರು ಬಡಿಸಿದರು. ಸಾರಿಗೆ ಮುಂಚೆ ಮಜ್ಜಿಗೆ ತಂದರು, ಉಪ್ಪು ಮರೆತರು, ಹೋಳಿಗೆಯನ್ನು ಎಲೆಯ ಮೇಲೆ ಎಲ್ಲಿ ಹಾಕಬೇಕೆಂದು ತಿಳಿಯದೆ ನಿಂತರು. ನಾನು ಕಣ್ಣು ಮುಚ್ಚಿಕೊಂಡೆ. ಶಂಕ್ರಪ್ಪನ ಸುಳಿವಿಲ್ಲ. ಮಡಿವಾಳಪ್ಪನ ಅನ್ನ ಮುಗಿಯಿತು. ಅವನ ಎಲೆ ಬರಿದಾಯಿತು! ಹಾವೇರಿಯಿಂದ ಬಂದ ನೆಂಟ, ಬರಿದಾದ ಎಲೆ, ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ. ದೇವರೇ, ಇಂಥ ಶಿಕ್ಷೆ ಶತ್ರುವಿಗೂ ಬೇಡ. "ಏನೂ ಬೇಕಿಲ್ಲೇನೋ" ಎಂದು ನಮ್ಮವರು ತಿರುಗಿ ಹೋಗಿಬಿಟ್ಟರು.

ಮಡಿವಾಳಪ್ಪ ನಿಟ್ಟುಸಿರು ಬಿಟ್ಟ. "ಆತ್ ತಗಿ ನೀಲಾ. ಬುಟ್ಟಿ ತಗೊಂಡ್ ಬಾ" ಎಂದ ಮೆಲ್ಲಗೆ. ನೀಲಾ ಏಳಲಿಲ್ಲ. ಅವಳ ಕಣ್ಣೀರು ಹೋಳಿಗೆಯ ಮೇಲೆ ತಟಕ್ಕೆಂದು ಬಿತ್ತು. ನಾನು ಅವಳ ಕಡೆಯೂ ತಿರುಗಲಿಲ್ಲ, ಮಂಚದ ಕಡೆಯೂ ತಿರುಗಲಿಲ್ಲ. ಇನ್ನೊಂದು ತುತ್ತು ಕಲಸಿ ಬಾಯಿಗಿಟ್ಟೆ. ಅಗಿದೆ. ಇನ್ನೊಂದು. ಹೊಟ್ಟೆ ತುಂಬಿ ಬಿರಿಯುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ನಾನು ಎದ್ದರೆ ಎಲ್ಲ ಮುಗಿದಂತೆ ಎಂದು ನನಗೆ ಗೊತ್ತಿತ್ತು.

ಮಂಡಿಗೆ ಏನೋ ಮೆತ್ತಗೆ ತಾಗಿತು.

ಶಂಕ್ರಪ್ಪ ನನಗೂ ಮಡಿವಾಳಪ್ಪನಿಗೂ ನಡುವೆ ಬಂದು, ಒಮ್ಮೆ ನಿಂತು, ಮೂಗು ಅಲ್ಲಾಡಿಸಿದ. ಕೊತ್ತಂಬರಿಯ ಕಟ್ಟು ನನ್ನ ಬಲಗಡೆ ಇತ್ತು. ಅವನು ಅದರ ಕಡೆ ಹೋಗಲಿಲ್ಲ. ನನ್ನ ಎಲೆಯ ಅಂಚಿಗೆ ಮುಂಗಾಲು ಇಟ್ಟು, ಕೋಸಂಬರಿಗೆಂದು ಬದಿಯಲ್ಲಿಟ್ಟಿದ್ದ ಸೌತೆಕಾಯಿಯ ಹೋಳನ್ನು ಎಳೆದುಕೊಂಡು, ಅಲ್ಲೇ ಕೂತು ತಿನ್ನತೊಡಗಿದ. ಕರುಂ ಕರುಂ. ಅದು ಮುಗಿದ ಮೇಲೆ ಇನ್ನೊಂದು. ಅವನು ತಿಂದು ಮುಗಿಸಿ, ಎರಡೂ ಕೈಯಿಂದ ಮುಖ ಒರೆಸಿಕೊಂಡು, ಮಡಿವಾಳಪ್ಪನ ಕಾಲ ಹತ್ತಿರ ಮೈ ಚಾಚಿ ಮಲಗಿಬಿಟ್ಟ.

"ಇದ್ಯಾವಾಗ ಕಲ್ತನ ಲೇ ಇಂವಾ! ನಮ್ಮ ಮನ್ಯಾಗೂ ಹಿಂಗ ಮಲಗಿಲ್ಲಲ್ಲ!" ಎಂದ ಮಡಿವಾಳಪ್ಪ, ಪಿಸುಮಾತಿನಲ್ಲೇ. ಆಮೇಲೆ ನನ್ನ ಕಡೆ ತಿರುಗಿ, "ಇಲ್ಲೇ ಇರ್ಲಿ ಬಿಡ್ರಿ ಅಕ್ಕಾರ. ಆದ್ರ ಇನ್ನೊಂದೀಟು ಅನ್ನ ಸಿಗತೈತೇನ್ರಿ? ಹಸಿವಿ ಹೋಗಿಲ್ಲ" ಎಂದ.

ಅಬ್ಬಾ, ಆ ಮಾತು ಕೇಳಿ ನನ್ನ ಜೀವ ತಂಪಾಯಿತು! ನೀಲಾ ಅಳುತ್ತಲೇ ನಗುತ್ತಿದ್ದಳು. ನಾನು ಏಳಲು ಹೋದರೆ ಅವಳು ನನ್ನ ಸೆರಗು ಹಿಡಿದು ಕೂರಿಸಿದಳು. ನಮ್ಮವರೇ ಅನ್ನದ ಪಾತ್ರೆ ಹಿಡಿದು ಬಂದರು. ಮಡಿವಾಳಪ್ಪನಿಗೆ ಬಡಿಸಿದರು. ಆಮೇಲೆ ನನ್ನ ಮುಂದೆ ಬಗ್ಗಿದವರು ಬಡಿಸದೆ ಹಾಗೇ ನಿಂತರು. ನನ್ನನ್ನೇ ನೋಡುತ್ತಿದ್ದರು.

"ಎಂತ ಆತು?" ಎಂದೆ.

"ಎಂತ ಇಲ್ಲೆ." ಅವರು ಪಾತ್ರೆಯನ್ನು ಕೆಳಗಿಟ್ಟರು. "ನೀ ಕೂತ್ಕಂಡು ಉಂಬದ್ನ ಆನು ನೋಡಿದ್ದು ಇದೇ ಮೊದ್ಲು."

ಮಗಳನ್ನು ಹೆತ್ತು, ಬೆಳೆಸಿ, ಮದುವೆ ಮಾಡಿಕೊಟ್ಟ ಸಂಸಾರ ನಮ್ಮದು. ನಾನು ಎಲೆಯ ಮೇಲಿನ ಅನ್ನವನ್ನು ಬದಿಗೆ ಸರಿಸಿ ಜಾಗ ಮಾಡಿದೆ. ಅವರು ಒಳಗಿನಿಂದ ಒಂದು ಹೋಳಿಗೆ ತಂದು ನಿಧಾನವಾಗಿ ಹಾಕಿ, ಅದರ ಮೇಲೆ ತುಪ್ಪ ಬಿಟ್ಟರು.

ಸೋಮವಾರ ಮಧ್ಯಾಹ್ನ ಸತೀಶ ನಾಯ್ಕ ಮೊದಲಿಗನಾಗಿ ಬಂದು ಮೇಜು ಕುಟ್ಟಿದ್ದು ಹಿಂದಿನ ಕೋಣೆಯಲ್ಲಿದ್ದ ನನಗೂ ಶಂಕ್ರಪ್ಪನಿಗೂ ಕೇಳಿಸಿತು.

"ಎಲ್ಲಿ ಪರಿಮಳಕ್ಕ? ಹೊಟ್ಟೆ ಹಸ್ದು ಸಾಯ್ತಾ ಇದ್ದೆ ಮಾರಾಯ್ರೆ!"

"ಸ್ವಲ್ಪ ತಡಿ ಸತೀಶ," ಎಂದರು ನಮ್ಮವರು ಗಲ್ಲಾದಿಂದ, ಅವರ ಲೆಕ್ಕಕ್ಕೆ ದೊಡ್ಡ ಧ್ವನಿಯಲ್ಲಿ. "ಅವರಿಬ್ಬರೂ ಊಟಕ್ಕೆ ಕೂತಿದ್ದಾರೆ."